ಪಂಜರಕ್ಕೆ ಹಚ್ಚಿದ ಬಣ್ಣ

ಬುಟ್ಟಿಯೊಳಗೆ ಸದ್ದಿಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ಕೋದಂಡಪ್ಪನಿಗೆ ತಿಳಿಯಲಿಲ್ಲ. ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಟವಲಿನ ಕೆಳಗೆ ಒಂದು ಸಲ ಪರಪರ ಎಂದಿತ್ತು. ಊರ್ಗಾಂ ದಾಟುವಾಗ ಇನ್ನೊಂದು ಸಲ. ಆಮೇಲೆ ಏನೂ ಇಲ್ಲ. ಟವಲು ಎತ್ತಿ ನೋಡಬಹುದಿತ್ತು, ಎತ್ತಲಿಲ್ಲ. ಎದುರಿಗೆ ಸೊಪ್ಪಿನ ಮೂಟೆ ಇಟ್ಟುಕೊಂಡು ಕೂತ ಹೆಂಗಸು ಆಗಲೇ ಎರಡು ಸಲ ಬುಟ್ಟಿಯ ಕಡೆ ಕಣ್ಣು ಹಾಯಿಸಿದ್ದಳು. ಇವಳು ಕೇಳಿಯೇ ಕೇಳುತ್ತಾಳೆ, ಏನದು ಅನ್ನುತ್ತಾಳೆ, ಗಿಣಿ ಅಂದರೆ ಏನಾಗಿದೆ ಅನ್ನುತ್ತಾಳೆ, ಏನು ತಿಂದಿತು ಅನ್ನುತ್ತಾಳೆ ಎಂದು ಒಂದೊಂದು ಪ್ರಶ್ನೆಗೂ ಉತ್ತರ ಜೋಡಿಸಿಕೊಳ್ಳುತ್ತ ಅವನು ಕಿಟಕಿಯಾಚೆ ನೋಡಿದ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಮೇಲಿಂದ ಬಿಳಿ ಧೂಳು ಎದ್ದು ಗಣಿ ಕೆಲಸದವರ ಲೈನ್ ಮನೆಗಳ ಕಡೆ ಸಾಗುತ್ತಿತ್ತು. ಹೆಂಗಸು ಏನೂ ಕೇಳದೆ ಕೋರಮಂಡಲಿನಲ್ಲಿ ಮೂಟೆ ಹೊತ್ತು ಇಳಿದು ಹೋದಳು. ಕೇಳದೆ ಹೋದಳಲ್ಲ ಎಂದು ಅವನಿಗೆ ಒಂದು ಥರದ ನಿರಾಸೆಯೇ ಆಯಿತು.

ಗಿಣಿ ಅವನದಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಸತ್ತರೆ ಸತ್ತಿತು ಅನ್ನಬಹುದಿತ್ತು. ಅದು ಪಕ್ಕದ ಮನೆಯ ಕುಪ್ಪುಸ್ವಾಮಿಯದು. ಇಬ್ಬರ ಮನೆಗಳ ನಡುವೆ ಒಂದೇ ತಟ್ಟಿಗೋಡೆ. ಆ ಕಡೆ ಅವನು ಕೆಮ್ಮಿದರೆ ಈ ಕಡೆ ನಮ್ಮ ದೀಪ ಅಲ್ಲಾಡುತ್ತದೆ ಎಂದು ಹೆಂಡತಿ ಅಶ್ವತ್ಥಮ್ಮ ಹೇಳುವಳು. ಆರ್ಕಾಟಿನ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಗಣಿಗೆ ಇಳಿದವನು ಕುಪ್ಪುಸ್ವಾಮಿ, ಹೆಂಡತಿ ಮಕ್ಕಳು ಯಾರೂ ಇಲ್ಲ. ಏಳು ತಿಂಗಳ ಹಿಂದೆ ಅವನನ್ನು ಮೈನಿನ ಆಸ್ಪತ್ರೆಗೆ ಸೇರಿಸಿದ ದಿನ, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ತನ್ನ ಬಾಗಿಲಿಂದ ಪಂಜರ ಬಿಚ್ಚಿ ತಂದು ಕೋದಂಡಪ್ಪನ ಬಾಗಿಲಿನ ಕೊಕ್ಕೆಗೆ ತನ್ನ ಕೈಯಾರೆ ನೇತುಹಾಕಿದ್ದ. ‘ನೀನ್ ನೋಡ್ಕೋಪ್ಪಾ’ ಅಂದಿದ್ದ, ಅಷ್ಟೆ. ಸಾಲಿನಲ್ಲಿ ಇಪ್ಪತ್ತು ಮನೆಗಳಿದ್ದವು, ಇಪ್ಪತ್ತರಲ್ಲೂ ಮಕ್ಕಳಿದ್ದವು, ಗಿಣಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವರಿದ್ದರು. ನನ್ನನ್ನೇ ಯಾಕೆ ಆರಿಸಿದ ಎಂಬ ಪ್ರಶ್ನೆಯನ್ನು ಏಳು ತಿಂಗಳಿಂದ ಕೋದಂಡಪ್ಪ ಹಲ್ಲಿಗೆ ಸಿಕ್ಕ ನಾರನ್ನು ನಾಲಿಗೆಯಲ್ಲಿ ತಡವಿದ ಹಾಗೆ ತಡವುತ್ತಲೇ ಇದ್ದ. ಪೊನ್ನಿ ಎಂಬ ಆ ಗಿಣಿಗೆ ಬರುತ್ತಿದ್ದುದು ಒಂದೇ ಮಾತು. ‘ಕುಪ್ಪು, ಸಾಪ್ಟಿಯಾ?’ ಕುಪ್ಪು, ಉಂಡೆಯಾ. ಕೇಳುವವರು ಯಾರೂ ಇಲ್ಲದವನು ತನ್ನನ್ನು ಕೇಳಲೆಂದು ತಾನೇ ಕಲಿಸಿದ ಮಾತು. ಕೋದಂಡಪ್ಪ ತಟ್ಟೆಯ ಮುಂದೆ ಕೂತು ಮುದ್ದೆ ಮುರಿದ ಕೂಡಲೆ ಅದು ಕತ್ತು ಓರೆ ಮಾಡಿ ಕೇಳುತ್ತಿತ್ತು. ಮೊದಮೊದಲು ಅಶ್ವತ್ಥಮ್ಮ ನಗುತ್ತಿದ್ದಳು. ‘ಕುಪ್ಪು ಅಲ್ಲ ಕಣೇ, ಕೋದಂಡ ಅನ್ನು’ ಎಂದು ಹೇಳಿಕೊಡಲು ನೋಡಿದಳು. ಅದು ಕಲಿಯಲಿಲ್ಲ. ಬೇರೆಯವನ ಹೆಸರಲ್ಲಿ ದಿನಕ್ಕೆರಡು ಹೊತ್ತು ಕೇಳಿಸಿಕೊಂಡು ಅವನು ತುತ್ತು ನುಂಗಬೇಕಿತ್ತು.

ನುಂಗಲು ಕಷ್ಟವಾಗುತ್ತಿದ್ದುದಕ್ಕೆ ಕಾರಣ ಇತ್ತು, ಅದು ಅವನಿಗೆ ಮಾತ್ರ ಗೊತ್ತಿತ್ತು. ಮೈನು ಸರ್ಕಾರದ್ದಾಗಿ ಒಂದೆರಡು ವರ್ಷ ಆಗಿದ್ದಾಗ, ಕುಪ್ಪುಸ್ವಾಮಿಯ ಎದೆ ನೋಡಿದ ಡಾಕ್ಟರು ಇವನನ್ನು ಕೆಳಗೆ ಇಳಿಸಬೇಡಿ, ಮೇಲೆ ಹಗುರ ಕೆಲಸ ಕೊಡಿ ಎಂದು ಚೀಟಿ ಬರೆದಿದ್ದರು. ಮೇಲೆ ಖಾಲಿ ಇದ್ದದ್ದು ವರ್ಕ್‌ಶಾಪಿನಲ್ಲಿ ಬಣ್ಣ ಹೊಡೆಯುವ ಒಂದೇ ಒಂದು ಜಾಗ. ಕೋದಂಡಪ್ಪನ ಎದೆಗೆ ಏನೂ ಆಗಿರಲಿಲ್ಲ. ಅವನಿಗೆ ಇದ್ದದ್ದು ಹೆದರಿಕೆ. ದಿನಾ ಕತ್ತಲೆಯೊಳಕ್ಕೆ ಇಳಿಯುವ ಹೆದರಿಕೆ, ಹದಿನಾಲ್ಕು ವರ್ಷ ಇಳಿದರೂ ಅದು ಹೋಗಿರಲಿಲ್ಲ. ಆ ಭಾನುವಾರ ಬೂದಿಕೋಟೆ ಕಡೆಯ ತನ್ನ ಊರಿಗೆ ಹೋಗಿ ಎರಡು ನಾಟಿ ಹುಂಜ, ಒಂದು ದೊಡ್ಡ ಹಲಸಿನ ಹಣ್ಣು ತಂದು ಫೋರ್ಮನ್ನಿನ ಮನೆಯ ಹಿಂಬಾಗಿಲಲ್ಲಿ ಇಟ್ಟು ಕೈಮುಗಿದು ನಿಂತಿದ್ದ. ಬುಧವಾರ ಆರ್ಡರು ಕೋದಂಡಪ್ಪನ ಹೆಸರಿಗೆ ಬಂತು; ಕುಪ್ಪುಸ್ವಾಮಿ ಕೆಳಗೇ ಇಳಿಯುತ್ತ ಉಳಿದ. ಸಂಜೆ ತಟ್ಟಿಗೋಡೆಯ ಆ ಕಡೆಯಿಂದ ಕುಪ್ಪುಸ್ವಾಮಿ, ‘ಮೇಲ್ಕೆಲ್ಸ ಸಿಕ್ತಂತೆ. ಒಳ್ಳೇದಾಯ್ತು ಬಿಡಪ್ಪಾ’ ಅಂದ. ಅದರಲ್ಲಿ ಏನಿತ್ತು? ಏನಾದರೂ ಇತ್ತೆ? ಆಮೇಲೆ ಎರಡೂವರೆ ವರ್ಷ, ಕುಪ್ಪುಸ್ವಾಮಿ ಆಸ್ಪತ್ರೆ ಸೇರುವವರೆಗೂ, ಕೋದಂಡಪ್ಪ ಗೋಡೆಗೆ ಕಿವಿಗೊಟ್ಟು ಆ ಕೆಮ್ಮನ್ನು ಕೇಳುತ್ತ, ಇದು ಗೊತ್ತಿದ್ದವನ ಕೆಮ್ಮೋ ಗೊತ್ತಿಲ್ಲದವನ ಕೆಮ್ಮೋ ಎಂದು ತೂಗುತ್ತ ಕಳೆದಿದ್ದ.

ಬಂಗಾರಪೇಟೆಯಲ್ಲಿ ಇಳಿದು ಗೂಡ್ಸ್ ಶೆಡ್ಡಿನ ಪಕ್ಕದ ನೆರಳಿನಲ್ಲಿ ಅವನು ಟವಲು ಎತ್ತಿ ನೋಡಿದ. ಪೊನ್ನಿ ಬದುಕಿತ್ತು. ಹುಲ್ಲಿನ ಮೇಲೆ ರೆಕ್ಕೆ ಇಳಿಬಿಟ್ಟು, ಗರಿಯೆಲ್ಲ ಉಬ್ಬಿಸಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿತ್ತು. ಕೂತಿತ್ತು ಅನ್ನುವುದೂ ಸರಿಯಲ್ಲ. ಕಾಲಿನ ಬೆರಳು ಮಡಚಿಕೊಂಡು ಹಿಮ್ಮಡಿಯ ಮೇಲೆ ಕುಸಿದಿತ್ತು. ನಿನ್ನೆಯಿಂದ ಕಾಲು ಹಿಡಿತ ಕಳೆದುಕೊಂಡಿತ್ತು. ಸೋಮವಾರ ಮೊದಲು ಹಸಿರು ನೀರಿನಂಥ ಹಿಕ್ಕೆ ಹಾಕಿದಾಗ ಅಶ್ವತ್ಥಮ್ಮ ಓಮದ ನೀರು ಕುಡಿಸಿದಳು. ಎದುರು ಮನೆಯ ಮಂಗಮ್ಮ ಬಂದು ದೃಷ್ಟಿ ಅಂದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ನಿವಾಳಿಸಿದ ಮೆಣಸಿನಕಾಯಿಯಲ್ಲೇ ಒಂದನ್ನು ತಿನ್ನಿಸಲು ನೋಡಿದಳು. ಅದು ವಾಂತಿ ಮಾಡಿತು. ಮಂಗಳವಾರ ಬೆಳಗ್ಗೆ ನೀರು ಇಡಲು ಹೋದವನು ಅದರ ಕೊಕ್ಕಿನ ಅಂಚಿಗೆ ಮೆತ್ತಿಕೊಂಡಿದ್ದ ಕೆಂಪು ಚೂರನ್ನು ನೋಡಿದ. ಪಂಜರದ ಕಂಬಿಯಲ್ಲಿ ಅಲ್ಲಲ್ಲಿ ತಾನು ಹೊಸದಾಗಿ ಹೊಡೆದ ಬಣ್ಣ ಕಿತ್ತು ಹಳೇ ತುಕ್ಕು ಕಾಣುತ್ತಿತ್ತು. ನೋಡಿದ ಕ್ಷಣದಲ್ಲೇ ಅವನಿಗೆ ಎಲ್ಲ ಗೊತ್ತಾಗಿಹೋಯಿತು. ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಕ್ಕು ತಡೆಯಲು ಹೊಡೆಯುವ ರೆಡ್ ಲೆಡ್ ಬಣ್ಣ ಕಲಸುವಾಗೆಲ್ಲ ಮೇಸ್ತ್ರಿ ಹೇಳುತ್ತಿದ್ದ, ಕೈ ತೊಳೆಯದೆ ಉಣ್ಣಬೇಡಿ, ಇದರಲ್ಲಿ ಸೀಸ ಇದೆ, ಕರುಳು ಹಿಡಿದುಕೊಳ್ಳುತ್ತದೆ ಎಂದು. ಅವನು ಗಿಣಿಯನ್ನು ತೆಗೆದು ಬುಟ್ಟಿಗೆ ಹಾಕಿ, ಪಂಜರವನ್ನು ಸೌದೆ ಒಟ್ಟಿದ ಮೂಲೆಗೆ ತಳ್ಳಿ ಗೋಣಿ ಮುಚ್ಚಿದ. ಹೆಂಡತಿಗೆ, ‘ಪಂಜರದಾಗೆ ತಿಗಣೆ ಆಗವೆ’ ಅಂದ. ಆಮೇಲೆ ನಾಲ್ಕು ದಿನ ಕಾದ.

ಕಾದದ್ದು ಏತಕ್ಕೆ? ತಾನೇ ವಾಸಿಯಾಗಲಿ ಎಂದು. ಡಾಕ್ಟರ ಹತ್ತಿರ ಹೋದರೆ ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳಿದರೆ ಬಣ್ಣ ಎಲ್ಲಿಂದ ಬಂತು ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಬಣ್ಣ ವರ್ಕ್‌ಶಾಪಿನಿಂದ ಬಂದಿತ್ತು. ಹಳೇ ಔಷಧದ ಸೀಸೆಯೊಂದರಲ್ಲಿ ತುಂಬಿ, ಎರಡಂತಸ್ತಿನ ಊಟದ ಡಬ್ಬಿಯ ಕೆಳಗಿನ ತಟ್ಟಿನಲ್ಲಿ ಇಟ್ಟು, ಮೇಲೆ ಅನ್ನದ ಅಗುಳು ಉದುರಿಸಿ ನಾಲ್ಕು ಸಂಜೆ ಗೇಟು ದಾಟಿಸಿದ್ದ. ಮೊಳದುದ್ದ ತಾಮ್ರದ ತಂತಿ ಸಿಕ್ಕಿ ಕೆಲಸ ಕಳೆದುಕೊಂಡವನನ್ನು ಅವನು ಕಣ್ಣಾರೆ ನೋಡಿದ್ದ. ಆದರೂ ಕದ್ದ, ಯಾಕೆಂದರೆ ಆಸ್ಪತ್ರೆಯಲ್ಲಿ ಕುಪ್ಪುಸ್ವಾಮಿ ಒಂದು ಭಾನುವಾರ, ‘ಪಂಜರ ತುಕ್ಕು ಇಡ್ದಿತ್ತು, ಅದ್ರ ಕಾಲು ಕೊಯ್ತದೇನೋ’ ಅಂದಿದ್ದ. ಕೋದಂಡಪ್ಪ ಒಂದೊಂದು ಕಂಬಿಯನ್ನೂ ಮರಳುಕಾಗದದಲ್ಲಿ ಉಜ್ಜಿ, ಎರಡು ಕೈ ಬಣ್ಣ ಹೊಡೆದ. ಹೋದ ಭಾನುವಾರ ಹೋಗಿ, ‘ಅಣ್ಣಾ, ಈಗ ನೋಡ್ಬೇಕು ನಿನ್ ಪಂಜರಾನ, ದೇವ್ರ ಪಲ್ಲಕ್ಕಿ ಇದ್ದಂಗದೆ’ ಅಂದಾಗ ಕುಪ್ಪುಸ್ವಾಮಿ ನಕ್ಕಿದ್ದ. ಮೂರು ವರ್ಷದಲ್ಲಿ ಅವನ ಎದುರು ನಕ್ಕದ್ದು ಅದೇ ಮೊದಲು. ಆ ನಗುವನ್ನು ಜೇಬಿನಲ್ಲಿಟ್ಟುಕೊಂಡವನ ಹಾಗೆ ಕೋದಂಡಪ್ಪ ಮನೆಗೆ ಬಂದಿದ್ದ. ಮಾರನೆಯ ದಿನವೇ ಹಸಿರು ಹಿಕ್ಕೆ. ಇವತ್ತು ಬೆಳಗ್ಗೆ ಹೊರಡುವಾಗ ಅಶ್ವತ್ಥಮ್ಮ ಗಿಣಿಯ ಕಾಲಿಗೆ ಹರಳೆಣ್ಣೆ ತೀಡುತ್ತ, ತನ್ನಷ್ಟಕ್ಕೆ ಎಂಬಂತೆ, ‘ಬಣ್ಣ ಒಡೆದ್ಮೇಲೇ ಅಲ್ವಾ ಇಂಗಾಗಿದ್ದು’ ಅಂದಳು. ‘ಬಾಯ್ ಮುಚ್ಕೊಂಡಿರು, ನಿಂಗೇನ್ ಗೊತ್ತು’ ಎಂದು ಅವನು ಗದರಿದ. ಅವಳು ಬಾಯಿ ಮುಚ್ಚಿಕೊಂಡಳು. ಎಣ್ಣೆ ತೀಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದನದ ಆಸ್ಪತ್ರೆಯ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ದನ ನಿಲ್ಲಿಸುವ ಮರದ ಚೌಕಟ್ಟಿನಲ್ಲಿ ಒಂದು ಎತ್ತನ್ನು ಕಟ್ಟಿ ನಾಲ್ಕು ಜನ ಹಿಡಿದಿದ್ದರು. ಕೆಚ್ಚಲು ಬಾತ ಹಸು, ಕುಂಟುವ ಮೇಕೆ, ಹೊಟ್ಟೆ ಉಬ್ಬರಿಸಿದ ಕರು. ಎಲ್ಲರೂ ಒಂದೊಂದು ಹಗ್ಗ ಹಿಡಿದು ನಿಂತಿದ್ದರೆ ತಾನೊಬ್ಬ ಮದುವೆ ಮನೆಗೆ ಹೊರಟವನ ಹಾಗೆ ಟವಲು ಮುಚ್ಚಿದ ಬುಟ್ಟಿ ಹಿಡಿದು ನಿಂತಿದ್ದೇನೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಕಾಂಪೌಂಡರ್ ಕದಿರಪ್ಪ ದಪ್ಪ ರಿಜಿಸ್ಟರು ಬಿಚ್ಚಿಕೊಂಡು ಮೇಜಿನ ಹಿಂದೆ ಕೂತಿದ್ದ.

‘ಏನಯ್ಯಾ, ಕೋಳಿನಾ?’

‘ಗಿಣಿ ಸ್ವಾಮಿ.’

ಕದಿರಪ್ಪ ಪೆನ್ನು ಕೆಳಗಿಟ್ಟ. ‘ಗಿಣೀನಾ. ಒತ್ತಿಗೆ ಎಷ್ಟ್ ಸೇರು ಕರೀತದೆ?’

ಸಾಲಿನವರು ನಕ್ಕರು. ಕೋದಂಡಪ್ಪನೂ ನಕ್ಕ. ತಾನು ನಗುತ್ತಿದ್ದೇನೆ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ರಿಜಿಸ್ಟರಿನಲ್ಲಿ ಗಿಣಿಗೆ ಕಾಲಂ ಇರಲಿಲ್ಲ. ಕದಿರಪ್ಪ ಕೋಳಿಯ ಕಾಲಮಿನಲ್ಲಿ ಒಂದು ಗೀಟು ಹಾಕಿದ. ಆಗಲೇ ಹಿಂದಿನಿಂದ ಪರಿಚಯದ ದನಿ ಬಂತು. ‘ಕೋದಂಡಪ್ಪ ಅಲ್ವಾ? ಏನ್ ಇಷ್ಟ್ ದೂರ?’ ಮೈನಿನ ಗೇಟಿನ ವಾಚ್‌ಮನ್ ಮುನಿಸ್ವಾಮಪ್ಪ, ತನ್ನ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದ. ದಿನಾ ಸಂಜೆ ಊಟದ ಡಬ್ಬಿಗಳನ್ನು ತೆರೆಸಿ ನೋಡುವ ಅದೇ ಮುನಿಸ್ವಾಮಪ್ಪ. ಖಾಕಿ ಇಲ್ಲದೆ ಪಂಚೆಯಲ್ಲಿ ಅವನು ಬೇರೆ ಯಾರೋ ಆಗಿ ಕಂಡರೂ ಕೋದಂಡಪ್ಪ ಬುಟ್ಟಿಯ ಟವಲನ್ನು ಇನ್ನಷ್ಟು ಎಳೆದು ಮುಚ್ಚಿದ.

‘ಗಿಣಿ ಯಾರ್ದು?’

‘ನಮ್ಮಮ್ಮಂದು. ಊರಿಂದ ತಂದೆ.’

‘ನಿಮ್ಮಮ್ಮ ಗಿಣಿ ಸಾಕವ್ಳಾ? ನೋಡಪ್ಪಾ’ ಎಂದು ಮುನಿಸ್ವಾಮಪ್ಪ ಟವಲು ಸರಿಸಿ ಇಣುಕಿ, ‘ಪಾಪ’ ಅಂದ. ನಿಜವಾಗಿ ಮರುಗಿಯೇ ಅಂದ. ಅದು ಇನ್ನೂ ಕಷ್ಟವಾಯಿತು.

ಡಾಕ್ಟರ್ ರಾಮಚಂದ್ರಪ್ಪನವರು ಮೊಣಕೈವರೆಗೂ ತೊಳೆದ ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ನಗಲಿಲ್ಲ. ಗಿಣಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ, ಹೆಬ್ಬೆರಳಿನಿಂದ ಅದರ ಎದೆ ಸವರಿದರು. ಮಾಂಸ ಕರಗಿ ನಡುಮೂಳೆ ಚಾಕುವಿನ ಅಂಚಿನ ಹಾಗೆ ಎದ್ದಿತ್ತು. ಕಾಲಿನ ನಡುವೆ ತಮ್ಮ ಕಿರುಬೆರಳು ಇಟ್ಟು ಕಾದರು. ಗಿಣಿಯ ಬೆರಳುಗಳು ಮುಚ್ಚಿಕೊಳ್ಳಲಿಲ್ಲ.

‘ನೋಡಪ್ಪ, ನಾನು ಓದಿದ್ದು ದನದ ವಿದ್ಯೆ. ಕೋಳಿ ಕಾಯಿಲೆ ಒಂದಷ್ಟು ಗೊತ್ತು. ಗಿಣಿಗೆ ನಮ್ಮ ಪುಸ್ತಕದಲ್ಲಿ ಅರ್ಧ ಪುಟ ಕೂಡ ಇಲ್ಲ. ನೀನು ಸರಿಯಾಗಿ ಹೇಳಿದರೆ ನನಗೆ ದಾರಿ ಸಿಗುತ್ತೆ. ಏನು ತಿನ್ನಿಸ್ತಿದ್ದೆ?’

‘ಬತ್ತ ಸ್ವಾಮಿ. ಕಡ್ಲೆಕಾಯಿ, ಸೀಬೆಕಾಯಿ.’

‘ಬೇರೆ? ತಗಡು, ಸುಣ್ಣ, ಬಣ್ಣ, ಏನಾದರೂ ಕಡಿದಿದೆಯಾ? ಪಂಜರ ಎಂಥದು?’

ಕಿಟಕಿಯ ಆಚೆ ಮುನಿಸ್ವಾಮಪ್ಪ ಹಗ್ಗವನ್ನು ಸರಳಿಗೆ ಸುತ್ತಿ, ಗಲ್ಲಕ್ಕೆ ಕೈ ಕೊಟ್ಟು ಒಳಗೆ ನೋಡುತ್ತ ನಿಂತಿದ್ದ. ಈಗ ಹೇಳು, ಎಂದಿತು ಒಳಗಿನದೊಂದು. ಬಣ್ಣ ಎಂಬ ಎರಡಕ್ಷರ ಅಷ್ಟೆ. ಸಂತೆಯಲ್ಲಿ ಕೊಂಡದ್ದು ಅನ್ನಬಹುದು. ಆದರೆ ಯಾವ ಬಣ್ಣ ಅಂದರೆ ರೆಡ್ ಲೆಡ್ ಅನ್ನಬೇಕು, ರೆಡ್ ಲೆಡ್ ಸಂತೆಯಲ್ಲಿ ಸಿಗುವುದಿಲ್ಲ ಎಂದು ವಾಚ್‌ಮನ್ನಿಗೆ ಗೊತ್ತು. ಮತ್ತೆ ಕತ್ತಲೆಗೆ ಇಳಿಯಬೇಕಾದೀತು, ಅಥವಾ ಅದೂ ಇಲ್ಲ. ಹೆಂಡತಿಯನ್ನು ಕರೆದುಕೊಂಡು, ತಟ್ಟು ಮುಟ್ಟು ಹೊತ್ತುಕೊಂಡು ಊರಿಗೆ ನಡೆಯುವ ಚಿತ್ರ ಕಣ್ಣಿಗೆ ಬಂತು.

‘ಪಂಜರ ಇಲ್ಲ ಸ್ವಾಮಿ. ಬುಟ್ಟೀಲೇ ಇರ್ತದೆ.’

ಡಾಕ್ಟರು ಬುಟ್ಟಿಯನ್ನು ನೋಡಿದರು. ಹೊಸ ಬುಟ್ಟಿ, ಬಿದಿರಿನ ಹಸಿರು ಇನ್ನೂ ಆರಿರಲಿಲ್ಲ. ಎಲ್ಲಿಯೂ ಕೊಕ್ಕಿನ ಗುರುತಿಲ್ಲ. ಅವರು ಏನೋ ಕೇಳಲು ಬಾಯಿ ತೆರೆದವರು ಹೊರಗಿನ ಎತ್ತು ಗುಟುರು ಹಾಕಿದ್ದಕ್ಕೆ ತಿರುಗಿ, ‘ಸರಿ’ ಅಂದರು. ಹೊಟ್ಟೆಗೆ ಸಲ್ಫಾ ಪುಡಿಯ ಆರು ಪೊಟ್ಟಣ ಕಟ್ಟಿಸಿದರು. ಗ್ಲೂಕೋಸು ನೀರು, ಬೆಚ್ಚಗಿಡುವುದು, ಬೇರೆ ಕೋಳಿಗಳ ಹತ್ತಿರ ಬಿಡದಿರುವುದು. ಕೋದಂಡಪ್ಪ ಎಲ್ಲಕ್ಕೂ ತಲೆಯಾಡಿಸಿದ. ಬೇರೆ ಯಾವುದೋ ಗಿಣಿಯ ಬೇರೆ ಯಾವುದೋ ಕಾಯಿಲೆಗೆ ಬರೆದ ಔಷಧವನ್ನು ಭಕ್ತಿಯಿಂದ ಎರಡು ಕೈಯಲ್ಲೂ ತೆಗೆದುಕೊಂಡ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಧ್ಯಾಹ್ನದ ರೈಲಿಗೆ ಕಾಯುತ್ತಿದ್ದಾಗ ಬುಟ್ಟಿ ತಾನಾಗಿ ಅಲುಗಾಡಿತು. ಟವಲು ತೆಗೆದ. ಪೊನ್ನಿ ಬೆನ್ನ ಮೇಲೆ ಬಿದ್ದಿತ್ತು. ಕತ್ತು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ, ರೆಕ್ಕೆಗಳು ಒಂದೇ ಸಮ ಬುಟ್ಟಿಯ ಗೋಡೆಗೆ ಬಡಿಯುತ್ತಿದ್ದವು. ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಯಾರೋ ನೀರು ಚಿಮುಕಿಸಿ ಅಂದರು, ಯಾರೋ ಕಬ್ಬಿಣ ಮುಟ್ಟಿಸಿ ಅಂದರು. ಅವನು ಏನೂ ಮಾಡದೆ ಅದನ್ನೇ ನೋಡುತ್ತ ಕೂತಿದ್ದ. ಸತ್ತುಹೋಗಲಿ ಎಂದು ಅವನ ಮನಸ್ಸು ಸ್ಪಷ್ಟವಾಗಿ ಹೇಳಿತು. ಈಗಲೇ, ಇಲ್ಲೇ ಸತ್ತುಹೋದರೆ ಹಳಿಯ ಪಕ್ಕ ಎಸೆದು ಹೋಗಬಹುದು, ಡಾಕ್ಟರಿಗೂ ತೋರಿಸಿದೆ ಅನ್ನಬಹುದು, ಔಷಧದ ಪೊಟ್ಟಣವೇ ಸಾಕ್ಷಿ. ಯಾರೂ ಇನ್ನೇನೂ ಕೇಳುವುದಿಲ್ಲ. ಹಾಗೆ ಯೋಚಿಸಿದ ಮೇಲೆ, ಈ ದನಿ ಹೊಸದಲ್ಲ ಅನ್ನಿಸಿತು. ಹೋದ ಚಳಿಗಾಲದಲ್ಲಿ ಗೋಡೆಯ ಆ ಕಡೆಯ ಕೆಮ್ಮು ನಿಲ್ಲದೆ ಎದ್ದಾಗೆಲ್ಲ ಇದೇ ದನಿ ಇದೇ ಮಾತನ್ನು ಹೇಳಿತ್ತು, ಹೇಳಿದ್ದನ್ನು ಅವನು ಕೇಳಿಸಿಕೊಂಡಿರಲಿಲ್ಲ, ಅಷ್ಟೆ. ಬಡಿತ ನಿಂತಿತು. ಗಿಣಿಯ ಹೊಟ್ಟೆ ಇನ್ನೂ ಏರಿಳಿಯುತ್ತಿತ್ತು. ರೈಲು ಬಂದು ನಿಂತಿತು, ಜನ ಹತ್ತಿದರು. ಕೋದಂಡಪ್ಪ ಬುಟ್ಟಿಯನ್ನು ಎದೆಗವಚಿಕೊಂಡು ಹಳಿ ದಾಟಿ, ಬಂದ ದಾರಿಯಲ್ಲೇ ಓಡಿದ. ನಲವತ್ತಾರು ವರ್ಷದ ಗಂಡಸು ಬುಟ್ಟಿ ಹಿಡಿದು ಓಡುವುದನ್ನು ಪೇಟೆಯ ಜನ ಅಂಗಡಿಗಳಿಂದ ಇಣುಕಿ ನೋಡಿದರು.

ಆಸ್ಪತ್ರೆಯ ಅಂಗಳ ಖಾಲಿಯಾಗಿತ್ತು. ಒಳಗಿನ ಕೋಣೆಯಲ್ಲಿ ಡಾಕ್ಟರು ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು, ಉಸಿರು ಕೂಡುವುದಕ್ಕೂ ಕಾಯದೆ ಅವನು ಹೇಳಿಬಿಟ್ಟ. ‘ಸ್ವಾಮಿ, ಸುಳ್ಳು ಏಳ್ದೆ. ಪಂಜರ ಅದೆ. ಬಣ್ಣ ಒಡ್ದಿದ್ದೆ. ರೆಡ್ ಲೆಡ್ಡು. ಮೈನಿಂದ ಕದ್ಕೊಂಡ್ ಬಂದಿದ್ದು.’

ಡಾಕ್ಟರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ‘ಕದ್ದಿದ್ದಾ ಕೊಂಡಿದ್ದಾ ಅಂತ ನಾನು ಕೇಳಿದೆನೇನಯ್ಯ? ಬಣ್ಣ ಇತ್ತಾ ಅಂತ ಕೇಳಿದ್ದು.’ ಬೈಗುಳದ ದನಿಯಲ್ಲ, ದಣಿದ ದನಿ. ‘ಎಷ್ಟು ದಿನ ಆಯಿತು ಹೊಡೆದು?’

‘ಒಂಬತ್ ದಿನ.’

‘ನಿನಗೆ ಗೊತ್ತಾಗಿದ್ದು?’

‘ಮಂಗಳವಾರ.’

ಡಾಕ್ಟರು ಅವನನ್ನು ನೋಡಿದರು. ಏನಾದರೂ ಅನ್ನುತ್ತಾರೆ ಎಂದು ಅವನು ತಲೆ ತಗ್ಗಿಸಿದ. ಅವರು ಬೀರುವಿನಿಂದ ಭೇದಿ ಉಪ್ಪು ತೆಗೆದು ನೀರಿನಲ್ಲಿ ಕದಡಿದರು. ಡ್ರಾಯರಿನಲ್ಲಿದ್ದ ಇಂಕ್ ಫಿಲ್ಲರನ್ನು ಕುದಿಯುವ ನೀರಿನಲ್ಲಿ ಮೂರು ಸಲ ಎಳೆದು ಬಿಟ್ಟು ತೊಳೆದರು; ಮೊದಲ ನೀರು ನೀಲಿಯಾಗಿ ಬಂತು, ಮೂರನೆಯದು ತಿಳಿಯಾಗಿ. ಕೊಕ್ಕು ಬಿಡಿಸಿ ನಾಲ್ಕು ಹನಿ ಹಾಕಿದರು. ‘ಇದು ಹೊಟ್ಟೆಯಲ್ಲಿ ಉಳಿದಿರೋ ಸೀಸವನ್ನ ಕೆಳಕ್ಕೆ ತಳ್ಳುತ್ತೆ. ಅರ್ಧ ಗಂಟೆಗೊಂದು ಸಲ ನಾಲ್ಕು ಹನಿ. ನಡುವೆ ಕೋಳಿಮೊಟ್ಟೆಯ ಬಿಳಿ. ರಕ್ತಕ್ಕೆ ಇಳಿದಿದ್ದನ್ನ ತೆಗೆಯೋ ಸೂಜಿಮದ್ದು ಇದೆ ಅಂತ ಓದಿದ್ದೇನೆ. ಕಣ್ಣಲ್ಲಿ ನೋಡಿಲ್ಲ.’

‘ಉಳೀತದಾ ಸ್ವಾಮಿ?’

‘ಬಣ್ಣದ ಗೇಟು ನೆಕ್ಕಿದ ಕರುಗಳನ್ನ ನೋಡಿದ್ದೇನೆ. ಹೀಗೆ ಕತ್ತು ಹಿಂದಕ್ಕೆ ಎಳೆದ ಮೇಲೆ ಯಾವುದೂ ಉಳೀಲಿಲ್ಲ. ಗಿಣಿ ನನಗೆ ಗೊತ್ತಿಲ್ಲಪ್ಪ.’ ಬುಟ್ಟಿಯ ಮೇಲೆ ಅವರೇ ಟವಲು ಮುಚ್ಚಿದರು. ‘ಬೆಳಗ್ಗೆ ಹೇಳಿದ್ದರೆ ಮೂರು ಗಂಟೆ ಸಿಗುತ್ತಿತ್ತು.’

ಮೂರು ಗಂಟೆ. ಅವರು ನಾಲ್ಕು ದಿನದ ಮಾತು ಎತ್ತಲೇ ಇಲ್ಲ, ಬರೀ ಮೂರು ಗಂಟೆ ಅಂದರು. ಮುಂದಿನ ರೈಲಿನಲ್ಲಿ ಅವನು ಅದನ್ನೇ ಮೆಲುಕು ಹಾಕುತ್ತ ಕೂತಿದ್ದ. ಅವನ ಹತ್ತಿರ ಗಡಿಯಾರ ಇರಲಿಲ್ಲ. ಎದುರಿನವರನ್ನು ಕೇಳಿ ಕೇಳಿ ಹನಿ ಹಾಕಿದ. ಹನಿ ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಕೊಕ್ಕಿನ ಪಕ್ಕದಿಂದ ಇಳಿದು ಅವನ ತೊಡೆಗೆ ತಣ್ಣಗೆ ತಾಗುತ್ತಿತ್ತು. ಈಗ ಏನಿದು, ಯಾರದಿದು ಎಂದು ಕೇಳಿದವರಿಗೆಲ್ಲ ಅವನು ನಿಜ ಹೇಳಿದ. ಬಣ್ಣ ತಿಂದಿದೆ, ನಾನೇ ಹಚ್ಚಿದ್ದು, ಸ್ನೇಹಿತನ ಗಿಣಿ. ‘ಅಯ್ಯೋ’ ಅಂದರು, ತಮ್ಮ ತಮ್ಮ ಮಾತಿಗೆ ಮರಳಿದರು. ಚಾಂಪಿಯನ್ನಿನಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಕಾಲುಗಳು ಮನೆಯ ಕಡೆ ಎರಡು ಹೆಜ್ಜೆ ಹಾಕಿ, ಮೈನಿನ ಆಸ್ಪತ್ರೆಯ ಕಡೆ ತಿರುಗಿದವು.

ವಾರ್ಡಿನ ಬಾಗಿಲಲ್ಲಿ ಆಯಾ ಪಾಪಕ್ಕ ಅಡ್ಡ ಬಂದಳು. ‘ಪ್ರಾಣಿ ಪಕ್ಷಿ ಒಳೀಕೆ ಬಿಡಾಂಗಿಲ್ಲ.’ ಟವಲು ಸರಿಸಿ ನೋಡಿದವಳು ದನಿ ಇಳಿಸಿ, ‘ಪೊನ್ನಿನಾ ಇದು? ದಿನಾ ಇದ್ರ ಮಾತೇ ಅವಣ್ಣಂದು’ ಅಂದಳು. ಅವಳೇ ಬುಟ್ಟಿಯನ್ನು ಸೆರಗಿನಲ್ಲಿ ಮರೆಮಾಡಿ ಕುಪ್ಪುಸ್ವಾಮಿಯ ಮಂಚದವರೆಗೂ ತಂದು ಕೆಳಗಿಟ್ಟು ಹೋದಳು.

ಕುಪ್ಪುಸ್ವಾಮಿ ಮೂರು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗದವನು ಕೂತೇ ನಿದ್ದೆ ಮಾಡುವುದನ್ನು ಕಲಿತಿದ್ದ. ಕಣ್ಣು ತೆರೆದು, ‘ಇವತ್ತು ಶನಿವಾರ’ ಅಂದ. ಭಾನುವಾರ ಬರುವವನು ಶನಿವಾರ ಬಂದದ್ದರಲ್ಲೇ ಅರ್ಧ ಸುದ್ದಿ ಅವನಿಗೆ ಸಿಕ್ಕಿದ ಹಾಗಿತ್ತು. ಕೋದಂಡಪ್ಪ ಗಿಣಿಯನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟ.

‘ಬಣ್ಣ ಕಡೀತು ಅಣ್ಣಾ. ನಾನ್ ಒಡೆದ ಬಣ್ಣ. ಅದ್ರಾಗೆ ಸೀಸ ಅದೆ ಅಂತ ನಂಗೆ ಗೊತ್ತಿತ್ತು. ಗಿಣಿ ಕಂಬಿ ಕಡೀತದೆ ಅಂತ ತೋಚ್ಲಿಲ್ಲ. ತೋಚಿದ್ಮೇಲೂ ನಾಕ್ ದಿನ ಸುಮ್ನಿದ್ದೆ. ಕೆಲ್ಸ ಓಗ್ತದೆ ಅಂತ.’

ಕುಪ್ಪುಸ್ವಾಮಿ ಕೇಳಿಸಿಕೊಂಡನೋ ಇಲ್ಲವೋ. ಎರಡು ಕೈಯಲ್ಲೂ ಗಿಣಿಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡ. ಅದು ಕಣ್ಣು ತೆರೆಯಲಿಲ್ಲ, ಆದರೆ ಕೊಕ್ಕನ್ನು ಅವನ ಅಂಗಿಯ ಗುಂಡಿಯ ಸಂದಿಗೆ ತೂರಿಸಿತು. ‘ಮದ್ದು?’ ಎಂದು ಕೇಳಿದ. ಕೋದಂಡಪ್ಪ ಫಿಲ್ಲರು ತುಂಬಿ ಕೊಕ್ಕಿನ ಮೇಲೆ ಹಿಡಿದ. ‘ಮೇಲಿಂದ ಬೇಡ. ಪಕ್ಕದಿಂದ ಬಿಡು’ ಅಂದ ಕುಪ್ಪುಸ್ವಾಮಿ, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ. ‘ಉಸುರ್ ಕಟ್ಕೊಳ್ತದೆ.’ ತಾನೇ ಕೊಕ್ಕನ್ನು ಓರೆ ಮಾಡಿ ಹಿಡಿದ. ಈ ಸಲ ನಾಲ್ಕು ಹನಿಯೂ ಒಳಗೆ ಹೋದವು. ಮಧ್ಯಾಹ್ನದಿಂದ ಎಷ್ಟು ಹನಿಯನ್ನು ತಾನು ತಪ್ಪಾಗಿ ಹಾಕಿದ್ದೇನೆ ಎಂದು ಕೋದಂಡಪ್ಪ ಎಣಿಸಲು ಹೋಗಿ ಬಿಟ್ಟುಬಿಟ್ಟ.

ಮುಂದಿನ ಹನಿಗೆ ಇನ್ನೂ ಅರ್ಧ ಗಂಟೆ ಇತ್ತು. ಪಕ್ಕದ ಮಂಚದವನಿಗೆ ಅವನ ಮಗಳು ಗಂಜಿ ಕುಡಿಸುತ್ತಿದ್ದಳು. ಒಂದು ನಿಜ ಹೇಳಿದವನಿಗೆ ಇನ್ನೊಂದೂ ಬಾಯಿಗೆ ಬಂದು ನಿಂತಿತ್ತು. ಇಷ್ಟು ಹೇಳಿದ್ದೇನೆ, ಇವತ್ತು ಬಿಟ್ಟರೆ ಮತ್ತೆ ಧೈರ್ಯ ಬರುವುದಿಲ್ಲ. ಬೈಯಲಿ, ಕಪಾಳಕ್ಕೆ ಹೊಡೆಯಲಿ, ಕ್ಷಮಿಸಲಿ, ಯಾವುದಾದರೂ ಒಂದು ಆಗಲಿ. ‘ಅಣ್ಣಾ’ ಅಂದ. ‘ಇನ್ನೊಂದ್ ಮಾತದೆ. ಮೂರ್ ವರ್ಷದ ಇಂದೆ, ಆ ಮೇಲ್ಕೆಲ್ಸ. ನಾನು ಫೋರ್ಮನ್ ಮನೆಗೆ…’

ಕುಪ್ಪುಸ್ವಾಮಿ ಗಿಣಿಯ ಮೇಲಿದ್ದ ಕೈಯನ್ನು ತೆಗೆದು ಎತ್ತಿ ಹಿಡಿದ. ‘ಬೇಡ.’

‘ಏಳ್ಬಿಡ್ತೀನಿ ಅಣ್ಣಾ.’

‘ಬೇಡಪ್ಪಾ.’ ಉಸಿರು ಕೂಡಿಸಿಕೊಂಡ. ‘ನೀನ್ ಏಳಿದ್ರೆ ನಿನ್ ಭಾರ ಇಳೀತದೆ. ನಾನ್ ಅದನ್ನ ಎಲ್ಲಿ ಇಟ್ಕೊಳ್ಲಿ? ಇಲ್ಲಿ’ ಎಂದು ಎದೆ ತೋರಿಸಿದ, ‘ಜಾಗ ಇಲ್ಲ. ನೋಡ್ತೀಯಲ್ಲ.’ ಆಮೇಲೆ ಕೋಪವಿಲ್ಲದೆ, ಒಂದು ಚೊಂಬನ್ನು ವಾಪಸು ಕೊಡುವವನ ಹಾಗೆ ಅಂದ. ‘ನೀನೇ ಇಟ್ಕೋ.’

ಅವನಿಗೆ ಗೊತ್ತಿತ್ತೆ ಇಲ್ಲವೆ ಎಂಬುದು ಅಲ್ಲಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಗಿಣಿ ಒಂದು ಸಲ ಸೆಟೆದು, ಸಡಿಲವಾಯಿತು. ಕುಪ್ಪುಸ್ವಾಮಿ ಅದರ ಎದೆಯ ಮೇಲೆ ಬೆರಳಿಟ್ಟು ತುಂಬ ಹೊತ್ತು ಕಾದ. ಹೊರಗಿನವರು ಹೋಗಬೇಕೆಂದು ಗಂಟೆ ಬಾರಿಸಿತು. ಪಾಪಕ್ಕ ಬಂದು ಕೈ ಚಾಚಿದಾಗ ಅವನು ತಲೆಯಾಡಿಸಿ ಗಿಣಿಯನ್ನು ಕೋದಂಡಪ್ಪನ ಕೈಗೆ ಕೊಟ್ಟ. ‘ನೀನೇ ಮಣ್ ಮಾಡು. ನಾಯಿ ಕೆದರ್ದಂಗೆ ಆಳ ತೋಡು.’ ಕೋದಂಡಪ್ಪ ಕಾಂಪೌಂಡಿನ ಬೇವಿನ ಮರದ ಬುಡದಲ್ಲಿ ತೋಟದವನ ಗುದ್ದಲಿ ಕೇಳಿ ಪಡೆದು ತೋಡಿದ. ಗಣಿಯಲ್ಲಿ ಹದಿನಾಲ್ಕು ವರ್ಷ ತೋಡಿದವನು, ಒಂದು ಗಿಣಿಗೆ ಎಷ್ಟು ಆಳ ಬೇಕೆಂದು ತಿಳಿಯದೆ ಮೊಣಕಾಲುದ್ದ ತೋಡಿದ.

ಕುಪ್ಪುಸ್ವಾಮಿ ಆಮೇಲೆ ಹದಿನಾರು ಭಾನುವಾರ ಬದುಕಿದ. ಹದಿನಾರು ಭಾನುವಾರವೂ ಕೋದಂಡಪ್ಪ ಹೋಗಿ ಸ್ಟೂಲಿನ ಮೇಲೆ ಕೂತ. ಮಳೆ ಬಂತೆ, ಅಶ್ವತ್ಥಮ್ಮ ಹೇಗಿದ್ದಾಳೆ, ಮಂಗಮ್ಮನ ಮಗನಿಗೆ ಹೆಣ್ಣು ಸಿಕ್ಕಿತೆ ಎಂದು ಅವನು ಕೇಳುವನು, ಇವನು ಹೇಳುವನು. ಆ ಮಾತು ಮತ್ತೆ ಏಳಲಿಲ್ಲ. ಹದಿನೇಳನೆಯ ವಾರದ ಬುಧವಾರ ಇವನೇ ಹೆಗಲು ಕೊಟ್ಟ.

ಆದರೆ ಅದೆಲ್ಲ ಆಮೇಲಿನದು. ಗಿಣಿ ಸತ್ತ ಮರುದಿನ ಭಾನುವಾರ ಅವನು ಊಟ ಮಾಡಲಿಲ್ಲ. ಅಶ್ವತ್ಥಮ್ಮನಿಗೆ ಬಣ್ಣದ ವಿಷಯ ಹೇಳಿದ. ಅವಳು ‘ನಂಗ್ ಗೊತ್ತಿತ್ತು’ ಅಂದು ಒಲೆಯ ಕಡೆ ತಿರುಗಿದಳು. ಸೋಮವಾರ ಕೆಲಸ ಮುಗಿಸಿ ಗೇಟಿಗೆ ಬಂದಾಗ ಖಾಕಿ ತೊಟ್ಟ ಮುನಿಸ್ವಾಮಪ್ಪ ಸಾಲಿನವರ ಡಬ್ಬಿಗಳನ್ನು ನೋಡುತ್ತಿದ್ದ. ಕೋದಂಡಪ್ಪನನ್ನು ಕಂಡು, ‘ಗಿಣಿ ಎಂಗದೆ?’ ಎಂದು ಕೇಳಿದ.

‘ಸತ್ತೋಯ್ತು.’ ಆಮೇಲೆ, ಹಿಂದೆ ನಿಂತವರಿಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದ. ‘ಇಲ್ಲಿಂದ ರೆಡ್ ಲೆಡ್ ಕದ್ಕೊಂಡು ಓಗಿ ಪಂಜರಕ್ಕೆ ಒಡ್ದಿದ್ದೆ. ಅದ್ನ ತಿಂದು ಸತ್ತೋಯ್ತು. ನಾಕ್ ದಿನ ಈ ಡಬ್ಬೀಲೇ ಸಾಗಿಸ್ದೆ. ನೀನೇ ನೋಡ್ದೆ ಬಿಟ್ಟಿದ್ದು.’

ಮುನಿಸ್ವಾಮಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಹತ್ತಿರ ಬಂದು, ಅವನ ಹೆಗಲು ತಟ್ಟಿ, ದನಿ ತಗ್ಗಿಸಿ, ‘ಒಂದ್ ಸೀಸೆ ಬಣ್ಣ ತಾನೆ, ಬಿಡು. ಯಾರ್ ಮನೆ ಬಾಗಿಲ್ಗೆ ಇಲ್ಲ ಅದು? ನಮ್ಮನೆ ಗಾಡಿಗೂ ಅದೇ. ಗಿಣಿ ಓಯ್ತು ಅಂತ ತಲೆ ಕೆಡಿಸ್ಕೊಂಡಿದ್ದೀಯ. ಓಗು, ಓಗಿ ಮಲಿಕ್ಕೋ’ ಅಂದ.

ಕೋದಂಡಪ್ಪ ಡಬ್ಬಿ ಬಿಚ್ಚಿ, ಎರಡು ತಟ್ಟನ್ನೂ ಬೇರೆ ಬೇರೆ ಮಾಡಿ, ಅವನ ಮುಂದೆ ಹಿಡಿದ. ‘ನೋಡು’ ಅಂದ. ಮುನಿಸ್ವಾಮಪ್ಪ ನೋಡಲಿಲ್ಲ, ಅವನನ್ನು ದಾಟಿ ಹಿಂದಿನವನಿಗೆ ಕೈ ಬೀಸಿದ. ‘ನೋಡಯ್ಯಾ’ ಎಂದು ಕೋದಂಡಪ್ಪ ಮತ್ತೆ ಅಂದ. ಪಾಳಿ ಮುಗಿಸಿ ಬಂದ ಜನ ಅವನ ಎರಡೂ ಪಕ್ಕದಿಂದ ಮೈ ಉಜ್ಜಿಕೊಂಡು ಹೊರಗೆ ಹೋಗುತ್ತಿದ್ದರು. ಅವನು ಬಿಚ್ಚಿದ ಡಬ್ಬಿಯನ್ನು ಎರಡು ಕೈಯಲ್ಲೂ ಚಾಚಿ ಹಿಡಿದುಕೊಂಡು ಗೇಟಿನ ನಡುವೆಯೇ ನಿಂತಿದ್ದ.